ಸಂಸಾರ ನೌಕೆಯಿಂದ ರಾಧಾರಮಣಕ್ಕೆ: ಎಂ. ವಿ. ರಾಜಮ್ಮನವರ ಕಲಾಜೀವನ

ರಾಜ್ಯೋತ್ಸವದ ದಿನ ನಾವು ಸ್ಮರಿಸುವ ಹೆಸರುಗಳಲ್ಲಿ ಕವಿಗಳವು, ಏಕೀಕರಣಕ್ಕಾಗಿ ಹೋರಾಡಿದ ಹಿರಿಯರವು ಮುಂದೆ ನಿಲ್ಲುತ್ತವೆ. ಅದು ಯುಕ್ತವೇ. ಆದರೆ ನಾಡು ಒಂದಾಗುವುದಕ್ಕೆ ಎಷ್ಟೋ ಮೊದಲು, ಐದಾರು ಕಡೆ ಹಂಚಿಹೋಗಿದ್ದ ಕನ್ನಡಿಗರಿಗೆ ತಮ್ಮ ಮಾತನ್ನು ಬೆಳ್ಳಿತೆರೆಯ ಮೇಲೆ ಕೇಳಿಸಿದವರೂ ಸ್ಮರಣೀಯರೇ. ಅಂಥವರಲ್ಲಿ ಎಂ. ವಿ. ರಾಜಮ್ಮನವರು ಒಬ್ಬರು. ಕನ್ನಡ ಚಿತ್ರವೊಂದಕ್ಕೆ ನಿರ್ಮಾಪಕಿಯಾಗಿ ನಿಂತ ಮೊದಲ ಮಹಿಳೆ ಅವರು. ಅವರ ಬಾಳಿನ ಬಹುಭಾಗ ಕಳೆದದ್ದು ನಾಡಿನ ಹೊರಗೆ, ಆಗಿನ ಮದ್ರಾಸಿನಲ್ಲಿ. ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಅವರ ಕಥೆ ಹತ್ತಿರದ್ದಾಗಿ ಕಾಣುವುದು ಸಹಜ.

ಅವರು ಚಿತ್ರರಂಗಕ್ಕೆ ಬಂದ ಕಾಲ ಎಂಥದೆಂಬುದನ್ನು ಮೊದಲು ನೆನೆಯೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ವಾಕ್ಚಿತ್ರಕ್ಕೆ ಬೇಕಾದ ಸೌಕರ್ಯವೆಲ್ಲ ಆಗ ಹೊರಗಿನ ಊರುಗಳಲ್ಲೇ ಇದ್ದಿತು. ವರ್ಷಕ್ಕೆ ಒಂದೋ ಎರಡೋ ಕನ್ನಡ ಚಿತ್ರ ಬಂದರೆ ಅದೇ ದೊಡ್ಡದು. ನಟನಟಿಯರಿಗೆ ಆಧಾರವಾಗಿದ್ದದ್ದು ನಾಟಕದ ಕಂಪನಿಗಳು. ಮನೆತನಸ್ಥರ ಹೆಣ್ಣುಮಕ್ಕಳು ಬಣ್ಣ ಹಚ್ಚುವುದೆಂದರೆ ಮೂಗು ಮುರಿಯುವವರೇ ಹೆಚ್ಚು. ಅನೇಕ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು.

ಇಂಥ ದಿನಗಳಲ್ಲಿ, 1921ರಲ್ಲಿ ಜನಿಸಿದ ರಾಜಮ್ಮನವರು ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಲಿಯಲ್ಲಿ ಅಭಿನಯಿಸತೊಡಗಿದರು. ಬಿ. ಆರ್. ಪಂತುಲು ಅವರೂ ಅದೇ ಮಂಡಲಿಯವರು. ಮಂಡಲಿಯ ಜನಪ್ರಿಯ ನಾಟಕ ‘ಸಂಸಾರ ನೌಕೆ’ಯನ್ನು 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ಮದ್ರಾಸಿನಲ್ಲಿ ಚಿತ್ರವಾಗಿಸಿದಾಗ ಈ ಇಬ್ಬರೂ ಒಟ್ಟಿಗೆ ತೆರೆಗೆ ಬಂದರು. ಆಗ ರಾಜಮ್ಮನವರಿಗೆ ಹದಿನೈದರ ಆಸುಪಾಸಿನ ವಯಸ್ಸು.

ಆ ಚಿತ್ರಕ್ಕೆ ಕನ್ನಡ ಚಿತ್ರಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಅದಕ್ಕೆ ಮೊದಲು ಬಂದ ‘ಸತಿ ಸುಲೋಚನ’, ‘ಭಕ್ತ ಧ್ರುವ’ ಪುರಾಣದ ಕಥೆಗಳು. ‘ಸಂಸಾರ ನೌಕೆ’ ಕನ್ನಡದ ಮೊದಲ ಸಾಮಾಜಿಕ ಚಿತ್ರ. ಕಿರೀಟ, ಗದೆ, ಮಾಯಾಮಂತ್ರಗಳನ್ನು ಬಿಟ್ಟು, ಮನೆಯೊಳಗಿನ ಮಾತನ್ನೇ ತೆರೆಯ ಮೇಲೆ ಆಡಿದ ಚಿತ್ರ. ಸೀರೆಯುಟ್ಟ ಸಾಮಾನ್ಯ ಗೃಹಿಣಿಯ ನಗೆಯೂ ಕಣ್ಣೀರೂ ಟಿಕೆಟಿನ ಹಣಕ್ಕೆ ಯೋಗ್ಯವೆಂದು ಪ್ರೇಕ್ಷಕರಿಗೆ ಮನಗಾಣಿಸಬೇಕಾಗಿದ್ದ ಕಾಲ ಅದು.

ಆದರೆ ವರ್ಷಕ್ಕೊಂದು ಚಿತ್ರ ಬರುವ ಭಾಷೆಯನ್ನೇ ನಂಬಿ ಕಲಾವಿದೆಯೊಬ್ಬಳ ಹೊಟ್ಟೆ ತುಂಬುವುದು ಹೇಗೆ? ತಮಿಳು ಚಿತ್ರರಂಗ ಅವರನ್ನು ಕರೆಯಿತು. ಸೇಲಂನ ಮಾಡರ್ನ್ ಥಿಯೇಟರ್ಸ್‌ನವರು 1940ರಲ್ಲಿ ತೆಗೆದ ‘ಉತ್ತಮ ಪುತ್ತಿರನ್’ ಚಿತ್ರದಲ್ಲಿ ಪಿ. ಯು. ಚಿನ್ನಪ್ಪನವರು ದ್ವಿಪಾತ್ರದಲ್ಲಿ ಅಭಿನಯಿಸಿದರು. ನಾಯಕಿಯಾದವರು ನಮ್ಮ ರಾಜಮ್ಮನವರು. ಮರುವರ್ಷ ‘ಗುಮಾಸ್ತಾವಿನ್ ಪೆಣ್’ ಬಂದಿತು. ಮುಂದೆ ಕೆ. ವಿ. ರೆಡ್ಡಿಯವರ ತೆಲುಗು ಚಿತ್ರ ‘ಯೋಗಿ ವೇಮನ’ದಲ್ಲಿ (1947) ನಾಗಯ್ಯನವರ ಎದುರು ವೇಶ್ಯೆಯ ಪಾತ್ರ, 1948ರಲ್ಲಿ ತಮಿಳಿನ ‘ಜ್ಞಾನಸೌಂದರಿ’, 1949ರಲ್ಲಿ ಸಿ. ಎನ್. ಅಣ್ಣಾದುರೈಯವರ ಕಥೆಯ ‘ವೇಲೈಕ್ಕಾರಿ’. ಹಾಡು ಮಾತುಗಳಿಗೆಲ್ಲ ಆ ಭಾಷೆಯ ಪ್ರೇಕ್ಷಕರೇ ಪರೀಕ್ಷಕರಾಗಿರುವಾಗ, ಕನ್ನಡದ ಹೆಣ್ಣುಮಗಳು ಅವರಿಂದ ಸೈ ಎನ್ನಿಸಿಕೊಂಡದ್ದು ಸಣ್ಣ ಸಾಧನೆಯಲ್ಲ.

ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಈ ನಡುವಣ 1943ನೆಯ ವರ್ಷ. ತಮಿಳಿನಲ್ಲಿ ಹೆಸರು ನಿಂತಿತ್ತು. ಅಲ್ಲಿಯೇ ಸುಖವಾಗಿದ್ದರೆ ಕೇಳುವವರು ಯಾರು? ಆದರೆ ಅವರು ಕನ್ನಡದ ಕಡೆ ತಿರುಗಿದರು. ಕೇವಲ ನಟಿಯಾಗಿ ಅಲ್ಲ, ನಿರ್ಮಾಪಕಿಯಾಗಿ. ಆ ಚಿತ್ರವೇ ‘ರಾಧಾರಮಣ’.

ಆ ಸಾಹಸದ ಭಾರವೆಷ್ಟೆಂದು ಯೋಚಿಸಬೇಕು. ಅದು ಎರಡನೆಯ ಮಹಾಯುದ್ಧದ ಕಾಲ. ಜಪಾನೀಯರ ಬಾಂಬಿನ ಭಯದಿಂದ 1942ರಲ್ಲಿ ಮದ್ರಾಸಿನ ಜನ ಊರು ಬಿಟ್ಟು ಹೋಗಿದ್ದರು. ಕಚ್ಚಾ ಫಿಲಂ ವಿದೇಶದಿಂದ ಬರಬೇಕಾಗಿತ್ತು. ಅದರ ಅಭಾವದಿಂದ ಸರ್ಕಾರ ಚಿತ್ರಗಳ ಉದ್ದಕ್ಕೇ 11,000 ಅಡಿಗಳ ಮಿತಿ ಹಾಕಿತು. ಇನ್ನು ಮಾರುಕಟ್ಟೆಯ ಮಾತು. ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ನಿಜಾಮರ ಹೈದರಾಬಾದು, ಮದ್ರಾಸು ಪ್ರಾಂತ, ಕೊಡಗು ಎಂದು ಹಂಚಿಹೋಗಿದ್ದರು. ಮುಂಬಯಿ ಪ್ರಾಂತದ ಊರುಗಳಲ್ಲಿ ಹಿಂದಿ, ಮರಾಠಿ ಚಿತ್ರಗಳ ಪೈಪೋಟಿ; ಗಡಿಯ ಊರುಗಳಲ್ಲಿ ತಮಿಳು, ತೆಲುಗಿನ ಪೈಪೋಟಿ. ಏಕೀಕರಣಕ್ಕೆ ಇನ್ನೂ ಹದಿಮೂರು ವರ್ಷಗಳಿದ್ದವು. ಇಂಥ ಹೊತ್ತಿನಲ್ಲಿ ಸ್ಟುಡಿಯೋದ ಬಾಡಿಗೆ, ಫಿಲಂ, ನಟವರ್ಗದ ಸಂಬಳ, ಹಂಚಿಕೆದಾರರ ಒಪ್ಪಂದ ಇವೆಲ್ಲವನ್ನೂ ಹೊತ್ತು ನಿಲ್ಲಲು ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು ಮುಂದಾದಳು. ಲಾಭವನ್ನಷ್ಟೇ ಎಣಿಸುವವರು ಮಾಡುವ ಕೆಲಸವಲ್ಲ ಇದು.

‘ರಾಧಾರಮಣ’ದಿಂದ ಕನ್ನಡಕ್ಕೆ ದೊರೆತ ಲಾಭ ಬೇರೆಯದು. ಜಿ. ವಿ. ಅಯ್ಯರ್ ಮತ್ತು ಟಿ. ಎನ್. ಬಾಲಕೃಷ್ಣ ಇಬ್ಬರೂ ತೆರೆಗೆ ಬಂದದ್ದು ಈ ಚಿತ್ರದ ಮೂಲಕ. ಮುಂದೆ 1960ರಲ್ಲಿ ರಾಜಕುಮಾರ್, ನರಸಿಂಹರಾಜು ಅವರೊಡನೆ ಕೈಗೂಡಿಸಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದ ನಾಲ್ವರಲ್ಲಿ ಇವರಿಬ್ಬರೂ ಸೇರಿದ್ದರು. ಅಯ್ಯರ್ ಅವರು 1975ರಲ್ಲಿ ‘ಹಂಸಗೀತೆ’ಯನ್ನೂ 1983ರಲ್ಲಿ ಸಂಸ್ಕೃತದ ಮೊದಲ ಚಿತ್ರ ‘ಆದಿ ಶಂಕರಾಚಾರ್ಯ’ವನ್ನೂ ಕೊಟ್ಟರು. ಬಾಲಕೃಷ್ಣ ಅವರು ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಒಂದು ಮನೆಯಲ್ಲಿ ಹಚ್ಚಿದ ದೀಪದಿಂದ ನೆರೆಮನೆಯವರೂ ಹಚ್ಚಿಕೊಳ್ಳುವ ಹಾಗೆ, ಆ ಒಂದು ಚಿತ್ರದ ಬೆಳಕು ನಾಲ್ಕು ದಶಕಗಳವರೆಗೆ ಹರಿಯಿತು. ಮುಂದೆ 1957ರಲ್ಲಿ ಪಂಡರೀಬಾಯಿಯವರು ‘ರಾಯರ ಸೊಸೆ’ಯನ್ನು ತಾವೇ ನಿರ್ಮಿಸಿ ಅಭಿನಯಿಸಿದಾಗ, ಆ ದಾರಿಯಲ್ಲಿ ಹೆಣ್ಣಿನ ಹೆಜ್ಜೆಯ ಗುರುತು ಆಗಲೇ ಮೂಡಿತ್ತು.

ರಾಜಮ್ಮನವರನ್ನು ಹೆಚ್ಚು ಜನ ನೆನೆಯುವುದು 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಿಂದ. ಪಂತುಲು ಅವರೇ ನಿರ್ದೇಶಿಸಿ ಮಾಸ್ತರರ ಪಾತ್ರ ವಹಿಸಿದರು; ರಾಜಮ್ಮನವರು ಮಾಸ್ತರರ ಮಡದಿ. ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದ ದಂಪತಿಗಳನ್ನು ಮುಪ್ಪಿನಲ್ಲಿ ಮಕ್ಕಳು ಬೇರೆ ಬೇರೆ ಮನೆಗಳಿಗೆ ಹಂಚಿಕೊಳ್ಳುತ್ತಾರೆ. ಕೊನೆಗೆ ಕೈಹಿಡಿಯುವವನು ಹಳೆಯ ಶಿಷ್ಯ. ಸಂಬಳಕ್ಕಾಗಿ ಮಕ್ಕಳು ಪರಸ್ಥಳಗಳಿಗೆ ಹೊರಟ ಮನೆಗಳಲ್ಲಿ ಈ ಕಥೆ ಇಂದಿಗೂ ಎದೆಗೆ ತಾಕುತ್ತದೆ. ಚಿತ್ರ 25 ವಾರಗಳ ಕಾಲ ನಡೆಯಿತು; ಹಿಂದಿ, ತೆಲುಗು, ಮಲಯಾಳಗಳಿಗೂ ಹೋಯಿತು. ನಲವತ್ತು ತುಂಬುವ ಮೊದಲೇ ನರೆಗೂದಲಿನ ತಾಯಿಯಾಗಲು ಒಪ್ಪಿದ ನಟಿಯ ಮನಸ್ಸನ್ನೂ ಇಲ್ಲಿ ಗಮನಿಸಬೇಕು. ನಾಯಕಿಯ ಮೆರುಗು ಮಾಸಿದ ಮೇಲೆ ತೆರೆಮರೆಗೆ ಸರಿದವರು ಎಷ್ಟೋ ಮಂದಿ. ಇವರು ಪಾತ್ರ ಬದಲಿಸಿಕೊಂಡರೇ ಹೊರತು ಕಸುಬು ಬಿಡಲಿಲ್ಲ. 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಮಲ್ಲಸರ್ಜನ ಹಿರಿಯ ರಾಣಿ ರುದ್ರಮ್ಮನಾದರು. 1964ರ ತಮಿಳು ‘ಕರ್ಣನ್’ ಚಿತ್ರದಲ್ಲಿ ತಮಗಿಂತ ಏಳೇ ವರ್ಷ ಕಿರಿಯರಾದ ಶಿವಾಜಿ ಗಣೇಶನ್ ಅವರಿಗೆ ತಾಯಿ ಕುಂತಿಯಾಗಿ ನಿಂತರು. ಎಪ್ಪತ್ತರ ದಶಕದಲ್ಲೂ ತಾಯಿಯ ಪಾತ್ರಗಳಲ್ಲಿ ಕನ್ನಡಿಗರ ಮುಂದೆ ಬಂದರು. 1999ರಲ್ಲಿ ಅವರು ತೀರಿಕೊಂಡರು.

ನಾವೂ ಹಗಲೆಲ್ಲ ಕಚೇರಿಯಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಪರಭಾಷೆಯಾಡಿ ಅನ್ನ ಸಂಪಾದಿಸುವವರು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಅನ್ನ ಕೊಟ್ಟ ಭಾಷೆಗೆ ಗೌರವ ಸಲ್ಲಲೇಬೇಕು. ರಾಜಮ್ಮನವರು ತಮಿಳಿಗೂ ತೆಲುಗಿಗೂ ಪ್ರಾಮಾಣಿಕವಾಗಿಯೇ ದುಡಿದರು. ಆದರೆ ತಮ್ಮ ಹೆಸರನ್ನೇ ಪಣವಾಗಿಟ್ಟು ಒಂದು ಕೆಲಸಕ್ಕೆ ಕೈಹಾಕಬೇಕಾದಾಗ ಅವರು ಆರಿಸಿಕೊಂಡದ್ದು ಕನ್ನಡವನ್ನು, ಅದೂ ಕನ್ನಡ ಬಡವಾಗಿದ್ದ ಕಾಲದಲ್ಲಿ.

ಇಂದು ಕನ್ನಡ ಚಿತ್ರಗಳು ದೇಶದ ಉದ್ದಗಲಕ್ಕೂ ಹಬ್ಬಿವೆ. ನಮ್ಮ ಮಕ್ಕಳು ಅವನ್ನು ಈ ಊರಿನಲ್ಲೇ ನೋಡುತ್ತಾರೆ. ಆ ಸಂತೋಷದ ನಡುವೆ, ಮಾರುಕಟ್ಟೆಯೂ ಇಲ್ಲದ, ರಾಜ್ಯವೂ ಒಂದಾಗದ ದಿನಗಳಲ್ಲಿ ಹಣವನ್ನೂ ಹೆಸರನ್ನೂ ಹೂಡಿದ ಈ ತಾಯಿಯ ಮಾತನ್ನು ಮಕ್ಕಳಿಗೆ ಒಮ್ಮೆ ಹೇಳೋಣ. ಚೆನ್ನಮ್ಮನ ಶೌರ್ಯವನ್ನು ಹೇಳುವ ಮನೆಗಳಲ್ಲಿ ರಾಜಮ್ಮನವರ ಧೈರ್ಯಕ್ಕೂ ಒಂದು ಸಂಜೆ ಮೀಸಲಾಗಲಿ.