ಹರ್ನಿಯಾ ಶಸ್ತ್ರಚಿಕಿತ್ಸೆ: ನೋವು ತಡೆಯುವ ಸ್ಥಳೀಯ ಚುಚ್ಚುಮದ್ದುಗಳು

ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಗಾಯದ ಸುತ್ತ ನೀಡುವ ಸ್ಥಳೀಯ ಅರಿವಳಿಕೆಯು ನಂತರದ ನೋವನ್ನೂ ಕೆಲಕಾಲ ತಡೆಯುತ್ತದೆ. ಹರದನಹಳ್ಳಿ ಭಾಗದ ಸದ್ಭಕ್ತರ ತಿಳಿವಿಗಾಗಿ ಮೂರು ಔಷಧಗಳನ್ನು ಇಲ್ಲಿ ಹೋಲಿಸಿದ್ದೇವೆ.

ಲಿಗ್ನೋಕೇನ್: 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾಯಿತು. ಕೆಲವೇ ನಿಮಿಷಗಳಲ್ಲಿ ಮರಗಟ್ಟಿಸುತ್ತದೆ. ಪರಿಣಾಮ ಸುಮಾರು 1–2 ಗಂಟೆ.

ಬ್ಯುಪಿವಕೇನ್: ನಿಧಾನವಾಗಿ ಆರಂಭವಾಗಿ ಸುಮಾರು 4–8 ಗಂಟೆ ನಿಲ್ಲುತ್ತದೆ. ಪ್ರಮಾಣ ಮೀರಿದರೆ ಹೃದಯಕ್ಕೆ ಅಪಾಯ.

ರೋಪಿವಕೇನ್: ಅವಧಿ ಬಹುತೇಕ ಅಷ್ಟೇ, ಹೃದಯದ ಮೇಲಿನ ದುಷ್ಪರಿಣಾಮ ಕಡಿಮೆ.

ಮಧ್ಯಾಹ್ನ ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಗಿ ಸಂಜೆ ಊರಿಗೆ ಮರಳಿದವರಿಗೆ ರಾತ್ರಿ ಮದ್ದಿನ ಪ್ರಭಾವ ಇಳಿದು ನೋವು ಕಾಣಿಸಿಕೊಳ್ಳಬಹುದು. ಆದ್ದರಿಂದ ಅದಕ್ಕೆ ಮುನ್ನವೇ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ ಸೇವಿಸಬೇಕು. ಹೃದ್ರೋಗ, ಯಕೃತ್ತಿನ ತೊಂದರೆ, ಹಿಂದಿನ ಅಲರ್ಜಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಬೇಕು. ನೋವನ್ನು ನುಂಗಿಕೊಂಡು ಮೌನವಾಗಿರಬಾರದೆಂದು ಹಿರಿಯರಲ್ಲಿ ವಿನಂತಿಸುತ್ತೇವೆ.