ಮೆದು ಬ್ರೇಕ್ ಪೆಡಲ್

ಹಳೆಯ ಕಾರಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಅಳವಡಿಸಿದ ಬಳಿಕ ಪೆಡಲ್ ಗಟ್ಟಿಯಾಗಿ ನಿಲ್ಲದೆ ಆಳಕ್ಕಿಳಿಯುವ ದೋಷ. ಬ್ರೇಕ್ ದ್ರವದ ಕೊಳವೆಯಲ್ಲಿ ಉಳಿದ ಗಾಳಿಯೇ ಇದರ ಸಾಮಾನ್ಯ ಕಾರಣ. ಒತ್ತಿದಾಗ ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗಳು ಎಡಬಲ ಅದಲುಬದಲಾಗಿ, ಗಾಳಿ ಹೊರಬಿಡುವ ಬ್ಲೀಡರ್ ತಿರುಪು ಕೆಳಗಾದರೆ ಗಾಳಿ ಪೂರ್ತಿ ಹೊರಬರದು. ಪದೇ ಪದೇ ತುಳಿದಾಗ ಪೆಡಲ್ ಮೇಲೇರಿದರೆ ಗಾಳಿಯನ್ನೂ, ಹಿಂಬದಿಯಲ್ಲಿ ಡ್ರಮ್ ಬ್ರೇಕ್ ಉಳಿದಿದ್ದರೆ ಅದರ ಶೂಗಳ ಅಂತರವನ್ನೂ ಪರೀಕ್ಷಿಸಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಕುಸಿದರೆ ದ್ರವದ ಸೋರಿಕೆ ಅಥವಾ ಪೆಡಲ್ ತುಳಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲು ಸವೆದಿರುವುದು ಕಾರಣ. ಮಾಸ್ಟರ್ ಸಿಲಿಂಡರ್‌ನ ಒಳವ್ಯಾಸ ಕಿರಿದಾಗಿದ್ದರೆ ಕ್ಯಾಲಿಪರ್‌ನ ದೊಡ್ಡ ಪಿಸ್ಟನ್‌ಗಳಿಗೆ ದ್ರವ ಸಾಲದು. ಮಾಸ್ಟರ್ ಸಿಲಿಂಡರ್ ಕ್ಯಾಲಿಪರ್‌ಗಿಂತ ಕೆಳಗಿದ್ದರೆ, ದ್ರವ ಹಿಂದಕ್ಕೆ ಹರಿಯದಂತೆ ಡಿಸ್ಕ್ ಕೊಳವೆಗೆ ಸಾಮಾನ್ಯವಾಗಿ 2 ಪಿಎಸ್‌ಐ ಒತ್ತಡ ಉಳಿಸುವ ಕವಾಟ ಹಾಕುತ್ತಾರೆ. ಪೆಡಲ್ ಗಟ್ಟಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬಾರದು.