ಏಳು ತುಂಬುವ ಮೊದಲು

1990ರ ಫೆಬ್ರವರಿ 4ರಂದು ಕೊಚ್ಚಿ ಸೇರಿದ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಮರುವರ್ಷದ ಜನಗಣತಿಯಲ್ಲಿ ಕೇರಳದ ಸಾಕ್ಷರತೆ ಶೇ. 89.81. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗಿದ್ದ ಷರತ್ತನ್ನು ಹೇಳುವವರು ಕಡಿಮೆ. ಏಳು ವರ್ಷ ತುಂಬದ ಮಕ್ಕಳು ಆ ಲೆಕ್ಕದಲ್ಲಿಲ್ಲ. 1981ರಲ್ಲಿ ಐದಕ್ಕಿದ್ದ ಗೆರೆ 1991ರಲ್ಲಿ ಏಳಕ್ಕೆ ಸರಿಯಿತು. ಮೂರು ವರ್ಷದ ಮಗುವಿಗೆ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ನಿಜ. ಆದರೆ ಮಕ್ಕಳ ನಡುವಿನ ಅಂತರ ಹುಟ್ಟುವುದೇ ಆ ವಯಸ್ಸಿನಲ್ಲಿ.

ಹಿಂದೆ ಅಸಮಾನತೆ ಅಳೆಯಲು ಲೆಕ್ಕವೇ ಬೇಕಿರಲಿಲ್ಲ. 1817ರಲ್ಲಿ ತಿರುವಿತಾಂಕೂರಿನ ರಾಣಿ ಗೌರಿ ಪಾರ್ವತಿಬಾಯಿ, ಪ್ರಜೆಗಳ ವಿದ್ಯೆಯ ಖರ್ಚು ಸರ್ಕಾರದ್ದೇ ಎಂದು ಆಜ್ಞೆ ಹೊರಡಿಸಿದ್ದರು. ಸುಮಾರು ನೂರು ವರ್ಷದ ನಂತರ ತಿರುವನಂತಪುರದ ಹತ್ತಿರದ ಊರುಟ್ಟಂಬಲಂನಲ್ಲಿ ಅಯ್ಯಂಕಾಳಿಯವರು ಪಂಚಮಿ ಎಂಬ ಪುಲಯ ಹುಡುಗಿಯನ್ನು ಶಾಲೆಗೆ ಕರೆದೊಯ್ದಾಗ ಶಾಲೆಗೇ ಬೆಂಕಿ ಬಿತ್ತು. ಯಾರು ಒಳಗೆ, ಯಾರು ಹೊರಗೆ ಎಂಬುದು ಬಾಗಿಲಲ್ಲೇ ಕಾಣುತ್ತಿತ್ತು.

ಬಾಗಿಲು ತೆರೆದ ಮೇಲೆ ಅಳೆಯುವುದು ಕಷ್ಟವಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕೇರಳದಲ್ಲಿ ವೇಙ್ಙರ, ನಮ್ಮಲ್ಲಿ ತಿ. ನರಸೀಪುರ. ಅಂಗನವಾಡಿಯಲ್ಲಿ ಮಗುವನ್ನು ತೂಗಿದರು, ವಯಸ್ಸಿಗೆ ತಕ್ಕ ತೂಕವಿದೆಯೇ ಎಂದು ಚಾರ್ಟಿನಲ್ಲಿ ಗುರುತು ಹಾಕಿದರು. ಅಪೌಷ್ಟಿಕತೆ ಕಣ್ಣೆದುರಿಗಿದ್ದಾಗ ಅದೇ ಸರಿ. ಕಲಿಕೆಗೆ ಮಾತ್ರ ಅಂಥ ತಕ್ಕಡಿ ಸಿಗಲಿಲ್ಲ. ಹಾಜರಿ ಪುಸ್ತಕ ನೋಡಿದರೆ ಅಂಗನವಾಡಿಯ ಮಗುವೂ ಫೀಸು ಕಟ್ಟಿ ಎಲ್‌ಕೆಜಿಗೆ ಹೋಗುವ ಮಗುವೂ ಒಂದೇ. ಎಲ್ಲ ಮಕ್ಕಳೂ ಎಲ್ಲೋ ಒಂದು ಕಡೆ ಹೋಗುವ ಊರಿನಲ್ಲಂತೂ ಹಾಜರಿಯ ಅಂಕಿ ಏನನ್ನೂ ಹೇಳುವುದಿಲ್ಲ.

2019ರಲ್ಲಿ 'ಅಸರ್' ಸಮೀಕ್ಷೆ 26 ಜಿಲ್ಲೆಗಳಲ್ಲಿ ನಾಲ್ಕರಿಂದ ಎಂಟು ವರ್ಷದವರ ಮನೆಗೇ ಹೋಯಿತು. ಓದು, ಲೆಕ್ಕದ ಜೊತೆಗೆ ಚಿತ್ರಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವುದು, ತುಂಡುಗಳನ್ನು ಜೋಡಿಸುವುದು, ಇಂಥ ಕೆಲಸ ಕೊಟ್ಟಿತು. ಖಾಸಗಿ ಶಾಲೆಯವರು ಮುಂದಿದ್ದರು. ಇಷ್ಟಕ್ಕೇ ನಿಲ್ಲಿಸಿದರೆ ಸರ್ಕಾರಿ ಶಾಲೆಗೆ ಅನ್ಯಾಯವಾಗುತ್ತದೆ. ಸರ್ಕಾರಿ ಒಂದನೇ ತರಗತಿಯಲ್ಲಿ ಶೇ. 26.1 ಮಕ್ಕಳು ಇನ್ನೂ ನಾಲ್ಕೈದು ವರ್ಷದವರು; ಖಾಸಗಿಯಲ್ಲಿ ಶೇ. 15.7. ಅಂತರದಲ್ಲಿ ಒಂದು ಪಾಲು ವಯಸ್ಸಿನದು, ಇನ್ನೊಂದು ತಾಯಿಯ ಓದಿನದು.

ಭಾಷೆಯ ಪಾಲೂ ಇದೆ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ ಕಾಸರಗೋಡಿನ ಮಗುವಿಗೆ ಮಲಯಾಳದಲ್ಲಿ ಕತೆ ಹೇಳಿ ಪ್ರಶ್ನೆ ಕೇಳಿದರೆ, ತಪ್ಪು ಉತ್ತರ ಬುದ್ಧಿಯದೋ ಭಾಷೆಯದೋ ಗೊತ್ತಾಗುವುದಿಲ್ಲ. ತುಂಡು ಜೋಡಿಸುವ ಆಟದಲ್ಲಿ ಈ ತೊಡಕು ಕಡಿಮೆ. ಆದರೂ ಏನು ಮಾಡಬೇಕೆಂದು ಮೊದಲು ಯಾವುದಾದರೂ ಒಂದು ಭಾಷೆಯಲ್ಲಿ ಹೇಳಲೇಬೇಕು.